ದಡದಲ್ಲಿ ಸರಿ, ಅಳಿವೆಯಲ್ಲಿ ಬಂದ್: ಹಳೆಯ ಔಟ್‌ಬೋರ್ಡ್ ಎಂಜಿನ್ನಿನ ಕಾಯಿಲೆ ಹುಡುಕುವ ಬಗೆ

ದಡದಲ್ಲಿ ಹಗ್ಗ ಎಳೆದರೆ ಎರಡನೇ ಎಳೆತಕ್ಕೆ ಸ್ಟಾರ್ಟ್. ಹೊಳೆಯಲ್ಲಿ ಎರಡು ಸುತ್ತು ಹಾಕಿದರೂ ಸದ್ದಿನಲ್ಲಿ ಒಂದು ತೊದಲು ಇಲ್ಲ. ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ, ದಾಟಿ ಹೊರಗೆ ಹೋಗಿ ಮುಕ್ಕಾಲು ಗಂಟೆ ಆಗುತ್ತಲೇ ಸದ್ದು ಕುಗ್ಗುತ್ತದೆ. ದೋಣಿಯ ಮೂತಿ ಇಳಿಯುತ್ತದೆ. ಎರಡು ಸಲ ಕೆಮ್ಮಿ ಎಂಜಿನ್ ಬಂದ್. ಹಗ್ಗ ಎಳೆದು ಎಳೆದು ಭುಜ ಸೋತಾಗ ಹೇಗೋ ಸ್ಟಾರ್ಟ್ ಆಗಿ, ಒಂದು ನಿಮಿಷ ಓಡಿ, ಮತ್ತೆ ಬಂದ್. ಹೇಗೋ ಮಾಡಿ ಗಂಗೊಳ್ಳಿ ದಡ ಸೇರಿ, ಮರುದಿನ ಮೆಕ್ಯಾನಿಕ್ ಎದುರು ಎಳೆದರೆ ಏನೂ ಆಗದ ಹಾಗೆ ಓಡುತ್ತದೆ. ಆಗ ನಮ್ಮ ಮುಖ ನೋಡಬೇಕು.

ನನ್ನ ಎಂಜಿನ್ನಿನ ಕತೆ ಇದು. ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಔಟ್‌ಬೋರ್ಡ್, 9.9 ಅಶ್ವಶಕ್ತಿ, ಎರಡು ಸಿಲಿಂಡರ್, ಟು-ಸ್ಟ್ರೋಕ್, ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಪ್ರಾಯ ಹದಿನೈದು ದಾಟಿದೆ. ಕರಾವಳಿಯ ನಾಡದೋಣಿಗಳಲ್ಲಿ ಇಂಥವೇ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಕಡಲಿಗೆ ಇಳಿಯುವ ಅವಕಾಶ 10 ಅಶ್ವಶಕ್ತಿ ಒಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ. ಅಂದರೆ ಕಡಲು ಅತ್ಯಂತ ಕೆಟ್ಟದಾಗಿರುವ ಹೊತ್ತಿನಲ್ಲೇ ನಮ್ಮ ಅತ್ಯಂತ ಹಳೆಯ ಎಂಜಿನ್ನಿಗೆ ಪರೀಕ್ಷೆ.

ಆ ಮಳೆಗಾಲದಲ್ಲಿ ಮೂರು ವಾರ ಹಾಳಾಯಿತು. ಕಾರ್ಬೊರೇಟರ್ ಮೂರು ಸಲ ಬಿಚ್ಚಿ ತೊಳೆದೆವು. ಪ್ಲಗ್ ಬದಲಾಯಿಸಿದೆವು. ಯಾರೋ ಹೇಳಿದರೆಂದು ಸೆಕೆಂಡ್‌ಹ್ಯಾಂಡ್ ಸಿಡಿಐ ಯೂನಿಟ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ತಂದು ಹಾಕಿದೆವು. ಅದಕ್ಕೇ ಆರು ಸಾವಿರ. ಕಾಯಿಲೆ ಮಾತ್ರ ಕಾರ್ಬೊರೇಟರಿನಲ್ಲೂ ಇರಲಿಲ್ಲ, ಪ್ಲಗ್ಗಿನಲ್ಲೂ ಇರಲಿಲ್ಲ. ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ. ನಾವು ತಪ್ಪಿದ್ದು ಎಲ್ಲಿ ಅಂದರೆ, ಎಂಜಿನ್ ನಿಂತ ಆ ಗಳಿಗೆಯಲ್ಲಿ ಏನನ್ನೂ ನೋಡಿರಲಿಲ್ಲ. ಹಗ್ಗ ಎಳೆಯುವುದರಲ್ಲೇ ಮುಳುಗಿದ್ದೆವು. ದಡಕ್ಕೆ ಬಂದ ಮೇಲೆ ಹುಡುಕಿದರೆ ಅಲ್ಲಿ ಕಾಯಿಲೆ ಇರುವುದೇ ಇಲ್ಲವಲ್ಲ.

ಹೇಗೆ ನಿಂತಿತು?

ಇದೇ ಮೊದಲ ಪ್ರಶ್ನೆ. ಸ್ವಿಚ್ ಒತ್ತಿದ ಹಾಗೆ ಒಮ್ಮೆಲೇ ನಿಂತರೆ ನನ್ನ ಅನುಮಾನ ಕಿಡಿಯ ಮೇಲೆ: ಸ್ಟಾಪ್ ಸ್ವಿಚ್, ಅದರ ವೈರು, ಕಿಡಿಗೆ ಬೇಕಾದ ಕರೆಂಟ್ ಕೊಡುವ ತಂತಿಸುರುಳಿ ಅಂದರೆ ಕಾಯಿಲ್, ಸಿಡಿಐ. ಮೆಲ್ಲಗೆ ಕುಗ್ಗಿ, ಕೆಮ್ಮಿ, ತೂಕಡಿಸಿ ನಿಂತರೆ ಇಂಧನ ಸಿಗುತ್ತಿಲ್ಲ. ಭಾರ ಎಳೆದ ಹಾಗೆ ಗೊರಗೊರ ಸದ್ದು ಮಾಡಿ, ಬಿಸಿ ಬಣ್ಣದ ವಾಸನೆ ಬಂದು ನಿಂತರೆ ನೀರು ಹರಿಯುತ್ತಿಲ್ಲ. ಈ ಮೂರನೆಯದಾದರೆ ಹಗ್ಗ ಮುಟ್ಟಬೇಡಿ. ಬಿಸಿಯಲ್ಲಿ ಎಳೆದರೆ ಪಿಸ್ಟನ್ನು ಸಿಲಿಂಡರನ್ನು ಗೀರುತ್ತದೆ. ಲಂಗರು ಹಾಕಿ, ತಣಿಯಲು ಬಿಡಿ.

ಈ ಲೆಕ್ಕ ನೂರಕ್ಕೆ ನೂರು ಸರಿ ಬರುತ್ತದೆ ಅಂತಲ್ಲ. ಬಿಸಿಯಾದ ಕಾಯಿಲ್ ಕೆಲವು ಸಲ ಮೆಲ್ಲಗೇ ಕೈಕೊಡುತ್ತದೆ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಇದು ಸಾಕು. ನನ್ನದು ಕೆಮ್ಮಿ ನಿಲ್ಲುತ್ತಿತ್ತು. ಇಂಧನ ಅನ್ನುವುದು ಮೊದಲ ದಿನವೇ ಗೊತ್ತಾಗಬೇಕಿತ್ತು.

ನಿಂತ ಕೂಡಲೇ ಮಾಡಬೇಕಾದ್ದು

ಹಗ್ಗ ಎಳೆಯುವ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಸಡಿಲಿಸಿ. ಉಸ್ ಎಂದು ಗಾಳಿ ಒಳಗೆ ಹೋದರೆ ಕತೆ ಅಲ್ಲೇ ಮುಗಿಯಿತು. ತಿರುಪು ಮುಚ್ಚಿಯೇ ಹೊರಟಿದ್ದೀರಿ, ಅಥವಾ ಅದರ ತೂತಿಗೆ ಉಪ್ಪು ಕಟ್ಟಿದೆ. ಎಣ್ಣೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನೊಳಗೆ ಎಳೆತ ಹೆಚ್ಚಿ, ಪಂಪಿಗೆ ಎಣ್ಣೆ ಎಳೆಯಲು ಆಗುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಾದರೆ ಹೊಟ್ಟೆ ಒಳಗೆ ಸೇದಿಕೊಂಡಿರುವುದು ಕಣ್ಣಿಗೇ ಕಾಣುತ್ತದೆ. ಮಳೆನೀರು ಹೋಗಬಾರದೆಂದು ನಾವು ತಿರುಪು ಬಿಗಿಯುತ್ತೇವೆ, ಬೆಳಗಿನ ಗಡಿಬಿಡಿಯಲ್ಲಿ ಬಿಚ್ಚಲು ಮರೆಯುತ್ತೇವೆ. ನಮ್ಮ ಕಡೆ ಅರ್ಧದಷ್ಟು ರಿಪೇರಿ ಇದೇ ಅಂದರೆ ನೀವು ನಗಬಹುದು.

ಆಮೇಲೆ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಕೈಯಲ್ಲಿ ಹಿಡಿಯಿರಿ. ಡಾಕ್ಟರು ನಾಡಿ ಹಿಡಿಯುವ ಹಾಗೆ. ಬಲ್ಬ್ ಚಪ್ಪಟೆಯಾಗಿ ಸೇದಿಕೊಂಡಿದ್ದರೆ ತಡೆ ಇರುವುದು ಬಲ್ಬಿಗಿಂತ ಹಿಂದೆ, ಟ್ಯಾಂಕಿನ ಕಡೆ: ಗಾಳಿ ತಿರುಪು, ಟ್ಯಾಂಕಿನೊಳಗಿನ ಜಾಲರಿ, ಮಡಚಿಕೊಂಡ ಪೈಪ್. ಗಟ್ಟಿಯಾಗಿದ್ದೂ ಎಂಜಿನ್ ಎಣ್ಣೆ ಕಾಣದೆ ನಿಂತಿದ್ದರೆ ತಡೆ ಮುಂದೆ, ಎಂಜಿನ್ನಿನ ಕಡೆ: ಫಿಲ್ಟರ್, ಪಂಪು, ಕಾರ್ಬೊರೇಟರಿನ ಸೂಜಿ. ಎಷ್ಟು ಹಿಸುಕಿದರೂ ಗಟ್ಟಿಯಾಗದೆ ಪುಸ್ ಪುಸ್ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನೊಳಗಿನ ವಾಲ್ವ್ ಹೋಗಿದೆ. ಬಲ್ಬಿನ ಮೇಲೆ ಬಾಣದ ಗುರುತು ಇರುತ್ತದೆ, ಅದು ಎಂಜಿನ್ನಿನ ಕಡೆಗೇ ಇರಬೇಕು. ತಿರುಗಾಮುರುಗಾ ಜೋಡಿಸಿದವರನ್ನೂ ನೋಡಿದ್ದೇನೆ.

ಎಂಜಿನ್ ಕುಗ್ಗಲು ಶುರುವಾದಾಗಲೇ ಒಬ್ಬರು ಬಲ್ಬ್ ಹಿಸುಕುತ್ತಾ ಇರಲಿ. ಹಿಸುಕಿದಾಗ ಚೇತರಿಸಿಕೊಂಡು, ಬಿಟ್ಟಾಗ ಮತ್ತೆ ಕುಗ್ಗಿದರೆ ಕಿಡಿ ಸರಿ ಇದೆ, ಕಂಪ್ರೆಷನ್ ಸರಿ ಇದೆ. ಎಣ್ಣೆ ತಲುಪುತ್ತಿಲ್ಲ, ಅಷ್ಟೇ. ನಮ್ಮ ದೋಣಿಯಲ್ಲಿ ನಮ್ಮ ಭಾವ ಎಷ್ಟೋ ದಿನ ಹೀಗೆ ಹಿಸುಕಿಕೊಂಡೇ ದಡ ಸೇರಿಸಿದ್ದ. “ಕೈ ಬಿಟ್ಟರೆ ನಿಲ್ತದೆ ಮಾರಾಯ” ಅಂತ ಬೈದುಕೊಂಡೂ ಇದ್ದ. ಉತ್ತರ ಅವನ ಕೈಯಲ್ಲೇ ಇತ್ತು. ನಾನು ಮರುದಿನ ಹೋಗಿ ಸಿಡಿಐ ಕೊಂಡೆ!

ಸೀಮೆಎಣ್ಣೆ ಎಂಜಿನ್ ಇರುವವರಿಗೆ ಇನ್ನೊಂದು ಅನುಕೂಲ ಇದೆ. ನಿಂತ ಕೂಡಲೇ ಕಾಕ್ (ಎಣ್ಣೆ ಬದಲಿಸುವ ನಲ್ಲಿ) ತಿರುಗಿಸಿ ಪೆಟ್ರೋಲಿಗೆ ಹಾಕಿ. ಪೆಟ್ರೋಲಿನಲ್ಲಿ ಐದು ನಿಮಿಷ ತೊಂದರೆ ಇಲ್ಲದೆ ಓಡಿದರೆ ಸೀಮೆಎಣ್ಣೆಯ ಟ್ಯಾಂಕ್, ಪೈಪ್, ಬಲ್ಬ್, ಇಷ್ಟರಲ್ಲೇ ಕಾಯಿಲೆ. ನಿಮ್ಮ ಎಂಜಿನ್ನಿನಲ್ಲಿ ಪೆಟ್ರೋಲಿನ ಪೈಪ್ ಪಂಪಿಗಿಂತ ಮೊದಲು ಸೇರುತ್ತದೋ ಆಮೇಲೆ ಸೇರುತ್ತದೋ ಅಂತ ಒಮ್ಮೆ ಕೈಯಿಟ್ಟು ಹಿಂಬಾಲಿಸಿ ನೋಡಿಕೊಂಡಿರಿ. ಆಮೇಲೆ ಸೇರುವುದಾದರೆ ಪಂಪನ್ನೂ ಅನುಮಾನದ ಪಟ್ಟಿಗೆ ಸೇರಿಸಬೇಕಾಗುತ್ತದೆ. ಪೆಟ್ರೋಲ್ ಖರ್ಚಾಗುತ್ತದೆ ಅನ್ನುವ ಜಿಪುಣತನದಿಂದ ನಾನು ಈ ಪರೀಕ್ಷೆ ಮಾಡಿದ್ದು ಮೂರನೇ ವಾರದಲ್ಲಿ.

ಗುಳ್ಳೆ ಹುಡುಕಿದ್ದು

ಪೆಟ್ರೋಲಿನಲ್ಲಿ ಓಡಿತು. ಹಾಗಾದರೆ ಸೀಮೆಎಣ್ಣೆಯ ದಾರಿಯಲ್ಲೇ ತೊಂದರೆ. ಬಲ್ಬಿಗೂ ಎಂಜಿನ್ನಿಗೂ ನಡುವೆ ಒಂದು ಅಡಿ ಪಾರದರ್ಶಕ ಪೈಪ್ ಜೋಡಿಸಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದಲ್ಲ, ಅದೇ. ಸೀಮೆಎಣ್ಣೆಗೆ ಅದು ಬೇಗ ಬಿರುಸಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ತೆಗೆದುಬಿಡಿ.

ಹೊಳೆಯಲ್ಲಿ ಓಡಿಸಿದೆ. ಪೈಪಿನ ತುಂಬ ಎಣ್ಣೆ, ಒಂದೂ ಗುಳ್ಳೆ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಏನೂ ಇಲ್ಲ. ಮುಕ್ಕಾಲು ಗಂಟೆ ಆಗುತ್ತಾ ಬಂದಾಗ ಒಂದು ಗುಳ್ಳೆ ಹಾದುಹೋಯಿತು. ಆಮೇಲೆ ನಾಲ್ಕು. ಆಮೇಲೆ ಸಾಲು ಸಾಲು, ಸೋಡಾ ಬಾಟಲಿ ಒಡೆದ ಹಾಗೆ. ಎಂಜಿನ್ ಕೆಮ್ಮಿತು.

ಗಾಳಿ ಎಳೆಯುವ ಜಾಗ ಹುಡುಕುವಾಗ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಎಲ್ಲಿ ಎಣ್ಣೆ ಸೋರುತ್ತಿದೆ ಅಂತ ನೋಡುತ್ತಾರೆ. ಬಲ್ಬಿನಿಂದ ಎಂಜಿನ್ನಿನವರೆಗೆ ಅದು ಸರಿ. ಬಲ್ಬ್ ಗಟ್ಟಿಯಾಗುವ ತನಕ ಹಿಸುಕಿದರೆ ಆ ಕಡೆ ಒತ್ತಡ ಬೀಳುತ್ತದೆ, ಬಿರುಕಿದ್ದರೆ ಒದ್ದೆಯಾಗುತ್ತದೆ. ಆದರೆ ಟ್ಯಾಂಕಿನಿಂದ ಬಲ್ಬಿನವರೆಗೆ ಇರುವುದು ಬರೀ ಎಳೆತ. ಅಲ್ಲಿ ಬಿರುಕಿದ್ದರೆ ಹೊರಗೆ ಒಂದು ಹನಿಯೂ ಬರುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಅದಕ್ಕೆ ಉಪಾಯ ಗ್ರೀಸ್. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಜೋಡಣೆಗೂ ದಪ್ಪ ಗ್ರೀಸ್ ಮೆತ್ತುತ್ತಾ ಬನ್ನಿ. ಯಾವುದಕ್ಕೆ ಮೆತ್ತಿದಾಗ ಗುಳ್ಳೆ ನಿಲ್ಲುತ್ತದೋ ಅದೇ ಕಳ್ಳ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಟ್ಯಾಂಕಿಗೆ ಪೈಪ್ ಚುಚ್ಚುವ ಕನೆಕ್ಟರಿನ ಒ-ರಿಂಗ್. ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ಬಳೆ.

ನನ್ನದರಲ್ಲಿ ಎಲ್ಲ ಜೋಡಣೆಗೂ ಗ್ರೀಸ್ ಮೆತ್ತಿದರೂ ಗುಳ್ಳೆ ನಿಲ್ಲಲಿಲ್ಲ. ಉಳಿದದ್ದು ಟ್ಯಾಂಕಿನೊಳಗೆ ತಳದವರೆಗೆ ಇಳಿಯುವ ಹೀರು ನಳಿಗೆ ಮಾತ್ರ. ಬಿಚ್ಚಿ ತೆಗೆದು ಬಲ್ಬಿಗೆ ಸಿಕ್ಕಿಸಿದೆ. ಬಾಣ ನಳಿಗೆಯ ಕಡೆಗೆ ಬರುವ ಹಾಗೆ. ನಳಿಗೆಯ ಕೆಳಬಾಯಿಗೆ ಬೆರಳು ಒತ್ತಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಬಲ್ಬ್ ಹಿಸುಕಿದೆ. ಮೇಲಿನ ತುದಿಯಿಂದ ಎರಡು ಬೆರಳು ಕೆಳಗೆ, ಕೂದಲೆಳೆಯಂಥ ಬಿರುಕಿನಿಂದ ಗುಳ್ಳೆ ಮಣಿಸರದ ಹಾಗೆ ಮೇಲೆ ಬಂತು.

ಈಗ ಎಲ್ಲ ಅರ್ಥವಾಯಿತು. ಟ್ಯಾಂಕ್ ತುಂಬಿದ್ದಾಗ ಬಿರುಕು ಎಣ್ಣೆಯೊಳಗೆ ಮುಳುಗಿರುತ್ತದೆ. ಅಲ್ಲಿಂದಲೂ ಎಣ್ಣೆಯನ್ನೇ ಎಳೆಯುತ್ತದೆ, ತೊಂದರೆ ಇಲ್ಲ. ಮೂರ್ನಾಲ್ಕು ಲೀಟರ್ ಖರ್ಚಾಗಿ ಎಣ್ಣೆ ಬಿರುಕಿಗಿಂತ ಕೆಳಗಿಳಿದರೆ ಗಾಳಿ ಎಳೆಯಲು ಶುರು. ಅಷ್ಟು ಖರ್ಚಾಗಲು ಬೇಕಾದ ಹೊತ್ತೇ ಆ ಮುಕ್ಕಾಲು ಗಂಟೆ. ನಾವು ಬಿಸಿಯಾದರೆ ನಿಲ್ಲುತ್ತದೆ, ತಣಿದರೆ ಓಡುತ್ತದೆ ಅಂದುಕೊಂಡಿದ್ದೆವು. ತಣಿದಿದ್ದಕ್ಕೆ ಅಲ್ಲ, ದಡಕ್ಕೆ ಬಂದು ಟ್ಯಾಂಕ್ ತುಂಬಿಸಿದ್ದಕ್ಕೆ ಓಡುತ್ತಿತ್ತು. ಮೆಕ್ಯಾನಿಕ್ ಹತ್ತಿರ ಹೋಗುವಾಗಲೂ ತುಂಬಿಸಿಯೇ ಹೋಗುತ್ತಿದ್ದೆ, ಮರ್ಯಾದೆಗೆ.

ಬಿರುಕು ಯಾಕೆ ಬಂತು? ಟ್ಯಾಂಕಿನ ಮುಚ್ಚಳದ ಮೇಲೆ ಕಾಲಿಟ್ಟು ದೋಣಿಯೊಳಗೆ ಇಳಿಯುವ ಅಭ್ಯಾಸ ಒಬ್ಬನಿಗಿತ್ತು. ಹೆಸರು ಹೇಳುವುದಿಲ್ಲ. ಈ ಬರಹ ಬರೆಯುತ್ತಿರುವುದೂ ಅವನೇ.

ಆದ್ದರಿಂದ ಇಷ್ಟು ಹೊತ್ತು ಓಡಿ ನಿಲ್ಲುತ್ತದೆ ಅನ್ನುವ ಎಂಜಿನ್ ಸಿಕ್ಕರೆ, ಆ ಹೊತ್ತಿನೊಳಗೆ ಏನೇನು ಬದಲಾಗುತ್ತದೆ ಅಂತ ಕೇಳಿಕೊಳ್ಳಿ. ಬಿಸಿ ಏರುತ್ತದೆ, ಎಣ್ಣೆ ಇಳಿಯುತ್ತದೆ, ಟ್ಯಾಂಕಿನೊಳಗೆ ಎಳೆತ ಹೆಚ್ಚುತ್ತದೆ, ಅಲೆಗೆ ತಳದ ಕೊಳೆ ಕಲಕುತ್ತದೆ. ಒಂದೊಂದನ್ನೇ ಬೇರ್ಪಡಿಸಿ ನೋಡಬಹುದು. ಅರ್ಧ ಟ್ಯಾಂಕಿನಲ್ಲಿ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ್ದರೆ ನನಗೆ ಮೊದಲ ದಿನವೇ ಉತ್ತರ ಸಿಗುತ್ತಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್, ಫಿಲ್ಟರ್, ಪೈಪ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಎಂಜಿನ್ ಸರಿಯಾದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಎಣ್ಣೆಯೇ ಕೆಟ್ಟಿದ್ದರೆ

ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ಎಣ್ಣೆ ತೆಗೆದು ಬಿಳಿ ಗಾಜಿನ ಬಾಟಲಿಗೆ ಹಾಕಿ, ಹತ್ತು ನಿಮಿಷ ಬಿಡಿ. ನೀರಿದ್ದರೆ ಕೆಳಗೆ ನಿಲ್ಲುತ್ತದೆ, ನಡುವೆ ಗೆರೆ ಕಾಣುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ, ಡ್ರಮ್ಮಿನ ಬಾಯಿ, ಎಲ್ಲಿಂದಲೂ ನೀರು ಬರಬಹುದು. ಮೇಲಿನಿಂದ ತೆಗೆದ ಎಣ್ಣೆ ನೋಡಿ ಚೊಕ್ಕ ಇದೆ ಅನ್ನಬೇಡಿ.

ಪೆಟ್ರೋಲಿನ ಕತೆ ಬೇರೆ. 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎರಡೂ ಸೇರಿ ತಳದಲ್ಲಿ ಬೇರೆ ಪದರವಾಗಿ ಕೂರುತ್ತವೆ. ಆಗ ಎಂಜಿನ್ನಿಗೆ ಹೋಗುವುದು ಆ ಪದರ. ಹಳೆಯ ಪೈಪು, ಪಂಪಿನ ಪೊರೆ, ಗ್ಯಾಸ್ಕೆಟ್ ಇವೆಲ್ಲ ಎಥನಾಲಿಗೆಂದು ಮಾಡಿದ ರಬ್ಬರ್ ಅಲ್ಲ. ಉಬ್ಬುತ್ತವೆ, ಮೆತ್ತಗಾಗುತ್ತವೆ. ಪೈಪಿನ ಒಳಪದರ ಕಿತ್ತು ಬಂದು ಎಳೆತಕ್ಕೆ ಮುಚ್ಚಿಕೊಳ್ಳುವುದೂ ಉಂಟು. ಹೊರಗಿನಿಂದ ನೋಡಿದರೆ ಪೈಪ್ ಹೊಸತರ ಹಾಗಿರುತ್ತದೆ! ಸ್ಟಾರ್ಟ್ ಮಾಡಲಿಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಹೋದ ವರ್ಷದ್ದನ್ನು ಎಂಜಿನ್ನಿಗೆ ಹಾಕಬೇಡಿ.

ಕಾರ್ಬೊರೇಟರ್ ಬಿಚ್ಚಲೇಬೇಕಾದರೆ ಅದರೊಳಗೆ ಎಣ್ಣೆಯನ್ನು ಅಳತೆಯಲ್ಲಿ ಬಿಡುವ ಜೆಟ್ಟಿನ ತೂತಿಗೆ ತಂತಿ ಹಾಕಬೇಡಿ. ಜೆಟ್ಟು ಹಿತ್ತಾಳೆ. ಕಬ್ಬಿಣದ ತಂತಿ ತೂತನ್ನು ಹಿಗ್ಗಿಸುತ್ತದೆ, ಆಮೇಲೆ ಎಣ್ಣೆ ಜಾಸ್ತಿ ಹೋಗಿ ಹೊಗೆಯೋ ಹೊಗೆ. ನಮ್ಮಲ್ಲಿ ಅದಕ್ಕೆ ಬೇಕಾದ ಹತಾರ ಬೇಕಾದಷ್ಟಿದೆ: ಬೀಡುಬಲೆಯ ನೈಲಾನ್ ಎಳೆ. ತುದಿಯನ್ನು ಓರೆಯಾಗಿ ಕತ್ತರಿಸಿ ತೂರಿಸಿ. ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುವ ತನಕ.

ಎರಡು ಎಣ್ಣೆಯ ಲೆಕ್ಕ

ಸೀಮೆಎಣ್ಣೆ ತಣ್ಣಗಿನ ಎಂಜಿನ್ನಿನಲ್ಲಿ ಆವಿಯಾಗುವುದಿಲ್ಲ. ಅದಕ್ಕೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಕಾಕ್ ತಿರುಗಿಸುವುದು. ಇದು ಎಲ್ಲರಿಗೂ ಗೊತ್ತು. ಬಂದ್ ಮಾಡುವ ಎರಡು ಮೂರು ನಿಮಿಷ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು ಅನ್ನುವುದು ಎಲ್ಲರಿಗೂ ಮರೆತುಹೋಗುತ್ತದೆ. ಮರೆತರೆ ಕಾರ್ಬೊರೇಟರಿನ ಬಟ್ಟಲಲ್ಲಿ ಸೀಮೆಎಣ್ಣೆ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಐವತ್ತು ಸಲ ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಬಲೆ ಸುತ್ತಿಕೊಂಡು ಎಂಜಿನ್ ಒಮ್ಮೆಲೇ ನಿಂತರೂ ಇದೇ ಗತಿ. ಆಗ ಬಟ್ಟಲಿನ ತಳದ ತಿರುಪು ಬಿಚ್ಚಿ ಸೀಮೆಎಣ್ಣೆ ಸುರಿದು, ಪೆಟ್ರೋಲ್ ತುಂಬಿಸಿ ಎಳೆಯಿರಿ. ಸುರಿದದ್ದನ್ನು ಡಬ್ಬಿಗೆ ಹಿಡಿಯಿರಿ, ದೋಣಿಯ ತಳಕ್ಕಲ್ಲ.

ಟು-ಸ್ಟ್ರೋಕ್ ಆಯಿಲ್ ಪೆಟ್ರೋಲಿಗೂ ಬೇಕು, ಸೀಮೆಎಣ್ಣೆಗೂ ಬೇಕು. ಎಷ್ಟು ಅನ್ನುವುದು ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿದೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಬೈಕಿನ 2ಟಿ ಆಯಿಲ್ ಹಾಕುವವರು ತುಂಬ ಜನ. ಔಟ್‌ಬೋರ್ಡಿಗೆ ಟಿಸಿ-ಡಬ್ಲ್ಯು3 ಅಂತ ಬರೆದ ಆಯಿಲ್ ಬೇರೆಯೇ ಇದೆ. ನೀರಿನಿಂದ ತಣಿಯುವ ಎಂಜಿನ್ನಿಗೆಂದು ಮಾಡಿದ್ದು, ಬೂದಿ ಉಳಿಸುವುದಿಲ್ಲ. ಮೊದಲೇ ಸೀಮೆಎಣ್ಣೆ ಮಸಿ ಕಟ್ಟಿಸುತ್ತದೆ, ಅದರ ಮೇಲೆ ಬೂದಿಯೂ ಯಾಕೆ?

ಕಿಡಿ

ಬಲ್ಬ್ ಗಟ್ಟಿ ಇದೆ, ಪೆಟ್ರೋಲಿನಲ್ಲೂ ಓಡುತ್ತಿಲ್ಲ ಅಂದರೆ ಪ್ಲಗ್ ಬಿಚ್ಚಿ. ಎರಡೂ ಒದ್ದೆಯಾಗಿದ್ದರೆ ಎಣ್ಣೆ ಬರುತ್ತಿದೆ, ಉರಿಯುತ್ತಿಲ್ಲ. ಎರಡೂ ಒಣಗಿದ್ದರೆ ಎಣ್ಣೆಯೇ ಇಲ್ಲ, ಹಿಂದಿನ ಭಾಗಕ್ಕೆ ಹೋಗಿ. ಒಂದು ಒದ್ದೆ ಒಂದು ಒಣ ಇದ್ದರೆ ಒದ್ದೆ ಪ್ಲಗ್ಗಿನ ಸಿಲಿಂಡರಿಗೆ ಕಿಡಿ ಇಲ್ಲ. ಎರಡರ ಜಾಗ ಅದಲುಬದಲು ಮಾಡಿ. ಕಾಯಿಲೆ ಪ್ಲಗ್ಗಿನ ಜೊತೆ ಜಾಗ ಬದಲಿಸಿದರೆ ಪ್ಲಗ್ ಹಾಳು, ಅಲ್ಲೇ ಉಳಿದರೆ ಕಾಯಿಲ್ ಅಥವಾ ವೈರು.

ಕಿಡಿ ನೋಡುವಾಗ ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಬೇಕು. ವೈರನ್ನು ಗಾಳಿಯಲ್ಲಿ ಬಿಟ್ಟು ಹಗ್ಗ ಎಳೆದರೆ ಸಿಡಿಐ ಸುಟ್ಟುಹೋಗಬಹುದು. ಹತ್ತಿರದಲ್ಲಿ ಪೆಟ್ರೋಲ್ ಡಬ್ಬಿ ತೆರೆದಿರಬಾರದು, ಪ್ಲಗ್ಗಿನ ತೂತಿನ ಬಳಿಯೂ ಕಿಡಿ ಹಾರಿಸಬೇಡಿ. ಸಣ್ಣ ಹಳದಿ ಕಿಡಿ ಸಾಲದು. ನೀಲಿಯಾಗಿ, ಚಟ್ ಅನ್ನುವ ಸದ್ದಿನೊಂದಿಗೆ ಬರಬೇಕು.

ಕಿಡಿ ಇಲ್ಲವೇ ಇಲ್ಲ ಅಂದರೆ ಸಿಡಿಐ ಮೇಲೆ ಹೋಗುವ ಮೊದಲು ಸ್ಟಾಪ್ ಸ್ವಿಚ್ಚಿನ ವೈರ್ ಕಳಚಿ ಮತ್ತೆ ನೋಡಿ. ಕಿಡಿ ಬಂದರೆ ಸ್ವಿಚ್ಚಿನೊಳಗೆ ಉಪ್ಪುನೀರು ಹೋಗಿ ಅದೇ ಎಂಜಿನ್ನನ್ನು ಬಂದ್ ಮಾಡುತ್ತಿದೆ. ಹಾಗೇ ದಡಕ್ಕೆ ಬರಬೇಕಾದರೆ ನೆನಪಿಡಿ, ಈಗ ಸ್ವಿಚ್ಚಿನಿಂದ ಎಂಜಿನ್ ನಿಲ್ಲುವುದಿಲ್ಲ. ಚೋಕ್ ಎಳೆದು ನಿಲ್ಲಿಸಬೇಕು. ದಡಕ್ಕೆ ಬಂದ ದಿನವೇ ಸ್ವಿಚ್ ಬದಲಾಯಿಸಿ.

ಬಿಸಿಯಾದಾಗ ಮಾತ್ರ ಕೈಕೊಡುವ ಕಾಯಿಲ್ ನಿಜವಾಗಿಯೂ ಇರುತ್ತದೆ. ಒಳಗಿನ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಬಿಡುತ್ತದೆ. ಅದನ್ನು ಹಿಡಿಯುವ ದಾರಿ ಒಂದೇ: ನಿಂತ ಕೂಡಲೇ, ಬಿಸಿ ಆರುವ ಮೊದಲೇ ಕಿಡಿ ನೋಡುವುದು. ಆಗ ಇಲ್ಲ, ಅರ್ಧ ಗಂಟೆ ಬಿಟ್ಟು ಟ್ಯಾಂಕ್ ಮುಟ್ಟದೆ ನೋಡಿದಾಗ ಇದೆ ಅಂದರೆ ಮಾತ್ರ ದುಡ್ಡು ಖರ್ಚು ಮಾಡಿ.

ನೀರಿನ ಧಾರೆ

ಎಂಜಿನ್ನಿನ ಹಿಂದಿನಿಂದ ಬೀಳುವ ನೀರಿನ ಧಾರೆಯನ್ನು ಸ್ಟಾರ್ಟ್ ಮಾಡಿದಾಗಲೆಲ್ಲ ನೋಡುವುದು ದೋಣಿ ನಡೆಸುವ ತಾಂಡೇಲನ ಕಣ್ಣಿಗೆ ರೂಢಿಯಾಗಿರಬೇಕು. ಧಾರೆ ಸಣ್ಣಗಾದರೆ ಮೊದಲು ಆ ತೂತಿಗೇ ನೈಲಾನ್ ಎಳೆ ತೂರಿಸಿ. ಬೇಸಿಗೆಯಲ್ಲಿ ಶೆಡ್ಡಿನಲ್ಲಿಟ್ಟ ಎಂಜಿನ್ನಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದು ಎಷ್ಟು ಸಲ ಸಿಕ್ಕಿದೆಯೋ ಲೆಕ್ಕವಿಲ್ಲ. ಧಾರೆ ಇಲ್ಲದಿದ್ದರೂ ನೀರು ಒಳಗೆ ಹರಿಯುತ್ತಿರಬಹುದು. ಅದನ್ನು ತಿಳಿಯಲು ಸಿಲಿಂಡರ್ ತಲೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುಂಯ್ ಅಂದರೆ ಕೂಡಲೇ ಬಂದ್ ಮಾಡಿ.

ತೂತು ಸರಿ ಇದ್ದರೆ ಇಂಪೆಲ್ಲರ್. ನೀರು ಎತ್ತುವ ರಬ್ಬರ್ ಚಕ್ರ. ಅಳಿವೆಯಲ್ಲಿ ಆಳ ಕಡಿಮೆ, ನೀರಿನ ಜೊತೆ ಮರಳೂ ಒಳಗೆ ಹೋಗುತ್ತದೆ, ಅದು ರಬ್ಬರನ್ನು ಸವೆಸುತ್ತದೆ. ನೀರಿಲ್ಲದೆ ಸುಮ್ನೆ ಒಮ್ಮೆ ಸ್ಟಾರ್ಟ್ ಮಾಡಿ ನೋಡುತ್ತೇನೆ ಅನ್ನುವವರು ಇದನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತಾರೆ. ನಾನು ಪ್ರತಿ ಮೇ ತಿಂಗಳಲ್ಲಿ ಬದಲಾಯಿಸುತ್ತೇನೆ, ಹಳೆಯದು ಚೆನ್ನಾಗಿ ಕಂಡರೂ. ಕೂರಿಸುವಾಗ ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಒತ್ತಬೇಕು, ರೆಕ್ಕೆಗಳು ಸರಿಯಾಗಿ ಬಾಗುತ್ತವೆ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ತುಂಡು ಸಿಗುವ ತನಕ ಜೋಡಿಸಬೇಡಿ. ಅದು ಮೇಲಿನ ನೀರಿನ ದಾರಿಯಲ್ಲಿ ಎಲ್ಲೋ ಅಡ್ಡ ಕೂತಿರುತ್ತದೆ.

ಥರ್ಮೋಸ್ಟ್ಯಾಟ್ (ಬಿಸಿ ಏರಿದಾಗ ತೆರೆದು ತಣಿಸುವ ನೀರನ್ನು ಬಿಡುವ ವಾಲ್ವ್) ಕಿತ್ತು ಬಿಸಾಡಿದರೆ ಎಂಜಿನ್ ಬಿಸಿಯಾಗುವುದಿಲ್ಲ ಅನ್ನುವ ಮಾತು ನಮ್ಮ ಕಡೆ ಇದೆ. ಹೌದು, ಬಿಸಿಯಾಗುವುದಿಲ್ಲ. ಅದೇ ತೊಂದರೆ. ತಣ್ಣಗಿನ ಎಂಜಿನ್ನಿನಲ್ಲಿ ಸೀಮೆಎಣ್ಣೆ ಅರ್ಧಂಬರ್ಧ ಉರಿದು ಪ್ಲಗ್ಗಿಗೂ ರಿಂಗಿಗೂ ಮಸಿ ಕಟ್ಟುತ್ತದೆ. ಕಿತ್ತು ಬಿಸಾಡುವ ಬದಲು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಸಣ್ಣ ಎಂಜಿನ್ನಿನವು ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯುತ್ತವೆ. ನೀರು ಕುದಿಯಲು ಬಂದರೂ ತೆರೆಯದಿದ್ದರೆ ಹೊಸತು ತನ್ನಿ. ಪಾತ್ರೆ ಮಾತ್ರ ಹಳೆಯದೇ ಇರಲಿ. ಅನ್ನದ ಪಾತ್ರೆಗೆ ಹಾಕಿ ಮನೆಯಲ್ಲಿ ಬೈಸಿಕೊಂಡ ಅನುಭವ ನನಗಿದೆ.

ಸದ್ದು ಇದೆ, ಓಟ ಇಲ್ಲ

ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಮೆಲ್ಲಗೆ ಹೋದರೆ ಸರಿ, ಕೈ ತಿರುವಿದರೆ ಜಾರುತ್ತದೆ. ಸಣ್ಣ ಎಂಜಿನ್ನುಗಳಲ್ಲಿ ಪ್ರೊಪೆಲ್ಲರಿನ ಪಿನ್ ತುಂಡಾಗಿರಬಹುದು. ಪಿನ್ ಇಲ್ಲದವುಗಳಲ್ಲಿ ಒಳಗಿನ ರಬ್ಬರ್ ಬುಷ್ ಬಿಟ್ಟಿರುತ್ತದೆ. ನಡುವಿನ ಲೋಹಕ್ಕೂ ಹೊರಗಿನ ಭಾಗಕ್ಕೂ ಸೇರಿಸಿ ಬಣ್ಣದಲ್ಲಿ ಒಂದು ಗೆರೆ ಎಳೆದು ಓಡಿಸಿ ನೋಡಿ. ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ಹೋಗಿದ್ದರೆ ಬುಷ್ ಹೋಗಿದೆ.

ಪ್ರೊಪೆಲ್ಲರ್ ಬಿಚ್ಚಿದಾಗ ಅದರ ಹಿಂದೆ ಶಾಫ್ಟಿಗೆ ಸುತ್ತಿದ ಬಲೆಯ ಎಳೆ ಇದೆಯೇ ನೋಡಿ. ಬಿಸಿಗೆ ಅದು ಕರಗಿ ಗಾಜಿನಂತೆ ಗಟ್ಟಿಯಾಗಿ ಆಯಿಲ್ ಸೀಲನ್ನು ಕತ್ತರಿಸುತ್ತದೆ. ಗೇರ್ ಆಯಿಲಿನ ಕೆಳಗಿನ ತಿರುಪು ಸಡಿಲಿಸಿ ನಾಲ್ಕು ಹನಿ ಬೀಳಿಸಿದರೆ ಗೊತ್ತಾಗುತ್ತದೆ. ಹಾಲು ಹಾಕಿದ ಚಹಾದ ಬಣ್ಣ ಬಂದರೆ ನೀರು ಸೇರಿದೆ. ಹಾಗೇ ಓಡಿಸಿದರೆ ಗೇರು ಬಾಳುವುದಿಲ್ಲ, ಮತ್ತು ಅದರ ಬೆಲೆ ಸೀಲಿನ ಬೆಲೆಯಲ್ಲ.

ಮಗುಚಿದರೆ

ಅಳಿವೆಯಲ್ಲಿ ದೋಣಿ ಮಗುಚಿ ಎಂಜಿನ್ ನೀರು ಕುಡಿದರೆ, ಜನ ಎಲ್ಲ ಸುರಕ್ಷಿತ ಅಂತಾದ ಮೇಲೆ, ಗಡಿಯಾರ ಎಂಜಿನ್ನಿನದು. ಉಪ್ಪುನೀರಿನಲ್ಲಿ ಮುಳುಗಿದ ಎಂಜಿನ್ ಹಾಳಾಗುವುದು ನೀರಿನಲ್ಲಿದ್ದಾಗ ಅಲ್ಲ, ಹೊರಗೆ ತೆಗೆದು ಗಾಳಿ ತಾಗಿದ ಮೇಲೆ. ಕೂಡಲೇ ಬಿಚ್ಚಲು ಆಗದಿದ್ದರೆ ಸಿಹಿನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಡಿ. ವಿಚಿತ್ರ ಅನ್ನಿಸಿದರೂ ಅದೇ ಸರಿ.

ಕೆಲಸಕ್ಕೆ ಕೂತಾಗ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ಎರಡೂ ಬಿಚ್ಚಿ, ಪ್ಲಗ್ ತೂತು ಕೆಳಗೆ ಬರುವ ಹಾಗೆ ಮಲಗಿಸಿ ಹಗ್ಗವನ್ನು ಮೆಲ್ಲಗೆ ಎಳೆಯಿರಿ. ಒಳಗಿನ ನೀರು ಹೊರಗೆ ಬರುತ್ತದೆ. ಎಳೆತ ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ಓಡುತ್ತಿದ್ದಾಗಲೇ ಮುಳುಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಇಲ್ಲವೇ ಮರಳು ಹೊಕ್ಕಿರಬಹುದು. ಹಾಗಿದ್ದರೆ ಬಿಚ್ಚದೆ ಬೇರೆ ದಾರಿ ಇಲ್ಲ. ಸಲೀಸಾಗಿ ತಿರುಗಿದರೆ ಕಾರ್ಬೊರೇಟರ್ ಖಾಲಿ ಮಾಡಿ, ಸಿಲಿಂಡರಿಗೆ ಆಯಿಲ್ ಬಿಟ್ಟು ತಿರುಗಿಸಿ, ಹೊಸ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದರೆ ಅರ್ಧ ಗಂಟೆಯಾದರೂ ಡ್ರಮ್ಮಿನಲ್ಲಿ ಓಡಲಿ. ಒಳಗಿನ ತೇವ ಆರಬೇಕು.

ದೋಣಿಯಲ್ಲಿ ನಾನು ಇಟ್ಟುಕೊಳ್ಳುವುದು

ಕಡಲಿನಿಂದ ಬಂದ ದಿನ ಡ್ರಮ್ಮಿನ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸುತ್ತೇನೆ, ಪ್ರೊಪೆಲ್ಲರ್ ಬಿಚ್ಚಿಟ್ಟು. ಬಾವಿ ನೀರೇ ಆದರೂ ಆಗುತ್ತದೆ, ಉಪ್ಪು ಇರದಿದ್ದರೆ ಸೈ. ಎಂಜಿನ್ನಿನ ಕಾಲಿಗೆ, ಅಂದರೆ ನೀರಿನೊಳಗೆ ಇರುವ ಕೆಳಭಾಗಕ್ಕೆ, ಕಚ್ಚಿಸಿದ ಸತುವಿನ ಗಟ್ಟಿ ಅರ್ಧ ಕರಗಿದಾಗ ಬದಲಾಯಿಸುತ್ತೇನೆ. ಅದಕ್ಕೆ ಬಣ್ಣ ಬಳಿಯುವುದಿಲ್ಲ. ಬಳಿದರೆ ಅದು ಸವೆಯುವುದಿಲ್ಲ, ಎಂಜಿನ್ನಿನ ಅಲ್ಯುಮಿನಿಯಂ ಸವೆಯುತ್ತದೆ. ಬಿಚ್ಚಿದ ಪ್ರತಿ ಬೋಲ್ಟಿಗೂ ಗ್ರೀಸ್ ಹಚ್ಚಿಯೇ ವಾಪಸ್. ಹಚ್ಚದಿದ್ದರೆ ಮುಂದಿನ ವರ್ಷ ಅದು ಬಿಚ್ಚುವುದಿಲ್ಲ, ಮುರಿಯುತ್ತದೆ.

ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಪ್ಲಗ್, ಪ್ಲಗ್ ಸ್ಪಾನರ್, ಸ್ಟಾರ್ಟ್ ಹಗ್ಗ, ಒ-ರಿಂಗ್ ನಾಲ್ಕು, ಪಂಪಿನ ಪೊರೆ ಒಂದು, ಪ್ರೊಪೆಲ್ಲರಿನ ಪಿನ್, ನೈಲಾನ್ ಎಳೆ, ಗ್ರೀಸಿನ ಡಬ್ಬಿ. ಬಲ್ಬ್ ಸಮೇತ ಒಂದು ಪೂರ್ತಿ ಪೈಪ್ ಬೇರೆ. ಅನುಮಾನ ಬಂದರೆ ಅಲೆಯಲ್ಲಿ ಕೂತು ಹುಡುಕುವ ಬದಲು ಇಡೀ ಪೈಪನ್ನೇ ಬದಲಾಯಿಸಿ ಮನೆಗೆ ಬರಬಹುದು. ಮತ್ತೆ ಈ ವರ್ಷದಿಂದ ಟ್ಯಾಂಕಿನ ಮುಚ್ಚಳದ ಮೇಲೆ ಅರ್ಧ ತೆಂಗಿನ ಚಿಪ್ಪು ಮಗುಚಿ ಕಟ್ಟಿಟ್ಟಿದ್ದೇನೆ. ಅದರ ಮೇಲೆ ಯಾರೂ ಕಾಲಿಡುವುದಿಲ್ಲ.